ಕನ್ನಡ ಮಾಧ್ಯಮದ ವಿದ್ಯಾರ್ಥಿ ಎಸ್‌ಎಸ್‌ಎಲ್‌ಸಿ ಇಂಗ್ಲಿಷ್ ಪತ್ರಿಕೆಗೆ ಸಿದ್ಧವಾಗುವ ಬಗೆ

ಎಸ್‌ಎಸ್‌ಎಲ್‌ಸಿಯಲ್ಲಿ ಇಂಗ್ಲಿಷನ್ನು ದ್ವಿತೀಯ ಭಾಷೆಯಾಗಿ ಓದುವ ಕನ್ನಡ ಮಾಧ್ಯಮದ ಮಕ್ಕಳಲ್ಲಿ ಅನೇಕರು ಆ ಪತ್ರಿಕೆಗೆ ಸಿದ್ಧರಾಗುವುದು ಒಂದೇ ದಾರಿಯಲ್ಲಿ: ಗೈಡಿನಲ್ಲಿಯೋ ನೋಟ್ಸಿನಲ್ಲಿಯೋ ಇರುವ ಉತ್ತರಗಳನ್ನು ಅರ್ಥ ತಿಳಿಯದಿದ್ದರೂ ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬರಲೆಂದು ಹಾರೈಸುವುದು. ಗಣಿತ, ವಿಜ್ಞಾನಗಳಿಗೆ ದಿನವೂ ಹೊತ್ತು ಮೀಸಲಿಡುವ ಮನೆಗಳಲ್ಲಿ ಕೂಡ ಇಂಗ್ಲಿಷಿಗೆ ಉಳಿಯುವುದು ಕೊನೆಯ ಕೆಲವು ದಿನಗಳು ಮಾತ್ರ. ಪ್ರಶ್ನೆಯ ಒಂದು ಪದ ಬದಲಾದರೂ ಬಾಯಿಪಾಠದ ಉತ್ತರ ದಿಕ್ಕು ತಪ್ಪುತ್ತದೆ, ನಡುವಿನ ಒಂದು ಸಾಲು ಮರೆತರೆ ಮುಂದಿನದೆಲ್ಲವೂ ನಿಂತುಹೋಗುತ್ತದೆ. ಇಲ್ಲಿ ವಿವರಿಸುವ ಕ್ರಮದ ಆಧಾರ ಬೇರೆ. ಪಾಠವನ್ನು ಮೊದಲು ಕನ್ನಡದಲ್ಲಿ ಪೂರ್ತಿಯಾಗಿ ಅರ್ಥಮಾಡಿಕೊಂಡು, ಆ ಅರ್ಥವನ್ನು ಚಿಕ್ಕ ಇಂಗ್ಲಿಷ್ ವಾಕ್ಯಗಳಲ್ಲಿ ಸ್ವತಃ ಬರೆಯುವ ಅಭ್ಯಾಸವನ್ನು ವರ್ಷದ ಆರಂಭದಿಂದಲೇ ಮಾಡಿದರೆ, ಬಲ್ಲ ಕನ್ನಡವೇ ಇಂಗ್ಲಿಷಿಗೆ ಆಸರೆಯಾಗುತ್ತದೆ ಎಂಬುದು ಈ ಲೇಖನದ ನಂಬಿಕೆ.

ಪತ್ರಿಕೆಯ ಸ್ವರೂಪ

ಎಸ್‌ಎಸ್‌ಎಲ್‌ಸಿಯ ಒಟ್ಟು 625 ಅಂಕಗಳಲ್ಲಿ ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100. ದ್ವಿತೀಯ ಭಾಷೆ ಇಂಗ್ಲಿಷಿನ 100 ಅಂಕಗಳಲ್ಲಿ 80 ಲಿಖಿತ ಪರೀಕ್ಷೆಗೆ, 20 ಶಾಲೆಯಲ್ಲಿಯೇ ನಡೆಯುವ ಆಂತರಿಕ ಮೌಲ್ಯಮಾಪನಕ್ಕೆ ಸೇರುತ್ತವೆ. ಆಂತರಿಕ ಅಂಕಗಳು ಹೇಗಿದ್ದರೂ ಬರುತ್ತವೆ ಎಂದು ಅನೇಕರು ಅಸಡ್ಡೆ ಮಾಡುತ್ತಾರೆ. ಆದರೆ ಆ ಚಟುವಟಿಕೆಗಳಲ್ಲಿ ಮಾಡಿದ ಓದು, ಬರಹ, ಮಾತುಗಳೇ ಲಿಖಿತ ಪರೀಕ್ಷೆಗೆ ತಾಲೀಮು ಆಗಬಲ್ಲವು.

ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯು ಪ್ರತಿ ವಿಷಯಕ್ಕೂ ಯಾವ ಭಾಗಕ್ಕೆ ಎಷ್ಟು ಅಂಕ ಎಂದು ತೋರಿಸುವ ನೀಲನಕ್ಷೆಯನ್ನೂ ಮಾದರಿ ಪ್ರಶ್ನೆಪತ್ರಿಕೆಗಳನ್ನೂ ತನ್ನ ಜಾಲತಾಣದಲ್ಲಿ ಪ್ರಕಟಿಸುತ್ತದೆ. ಓದು ಆರಂಭಿಸುವ ಮೊದಲು ಆ ವರ್ಷದ ನೀಲನಕ್ಷೆಯನ್ನೂ ಒಂದು ಮಾದರಿ ಪತ್ರಿಕೆಯನ್ನೂ ಮುದ್ರಿಸಿಕೊಂಡು ಓದುವ ಮೇಜಿನ ಮೇಲೆ ಇಟ್ಟುಕೊಳ್ಳಬೇಕು. ಪತ್ರಿಕೆಯಲ್ಲಿ ಗದ್ಯ, ಪದ್ಯ, ಪೂರಕ ಪಾಠಗಳ ಪ್ರಶ್ನೆಗಳು ಒಂದು ಕಡೆಗಿದ್ದರೆ, ವ್ಯಾಕರಣ, ಓದಿ ಉತ್ತರಿಸಬೇಕಾದ ಅಪರಿಚಿತ ಗದ್ಯಭಾಗ, ಪತ್ರ, ಪ್ರಬಂಧ, ವ್ಯಕ್ತಿಪರಿಚಯ, ಸುಳಿವುಗಳಿಂದ ಕತೆ ಬೆಳೆಸುವುದು, ಚಿತ್ರವರ್ಣನೆ ಇನ್ನೊಂದು ಕಡೆಗೆ ಇರುತ್ತವೆ. ಈ ಎರಡನೆಯ ಗುಂಪಿಗೆ ಬಾಯಿಪಾಠದಿಂದ ಸಹಾಯವಾಗುವುದು ಬಹಳ ಕಡಿಮೆ. ಅಂಕಗಳು ಎಲ್ಲೆಲ್ಲಿ ಹಂಚಿಕೆಯಾಗಿವೆ ಎಂಬುದನ್ನು ವಿದ್ಯಾರ್ಥಿಯೇ ಒಮ್ಮೆ ಕೂಡಿಸಿ ನೋಡಿದರೆ, ಸ್ವಂತವಾಗಿ ಬರೆಯುವುದನ್ನು ಏಕೆ ಕಲಿಯಬೇಕು ಎಂದು ಬೇರೆಯವರು ಹೇಳಬೇಕಾಗಿಲ್ಲ.

ಗದ್ಯಪಾಠವನ್ನು ಓದುವುದು

ಪ್ರತಿ ಪಾಠಕ್ಕೂ ಮೂರು ಓದು ಬೇಕು. ಮೊದಲ ಓದಿನಲ್ಲಿ ನಿಘಂಟನ್ನು ಮುಟ್ಟದೆ, ಯಾರು, ಎಲ್ಲಿ, ಏನು ನಡೆಯಿತು ಎಂಬಷ್ಟನ್ನೇ ಹಿಡಿಯುತ್ತ ಪಾಠವನ್ನು ಕೊನೆಯವರೆಗೆ ಓದಬೇಕು. ಅರ್ಥವಾಗದ ಪದ ಬಂದಲ್ಲೆಲ್ಲ ನಿಂತರೆ ಕತೆಯ ಎಳೆ ಕೈತಪ್ಪುತ್ತದೆ. ಎರಡನೆಯ ಓದಿನಲ್ಲಿ ಪೆನ್ಸಿಲ್ ಹಿಡಿದು, ಯಾವ ಪದ ತಿಳಿಯದಿದ್ದರೆ ವಾಕ್ಯವೇ ತಿಳಿಯುವುದಿಲ್ಲವೋ ಅಂಥವನ್ನು ಮಾತ್ರ ಗುರುತಿಸಿ ಅರ್ಥ ನೋಡಬೇಕು. ಮೂರನೆಯ ಓದಿನಲ್ಲಿ ಒಂದೊಂದು ಪ್ಯಾರಾ ಮುಗಿದಾಗಲೂ ಅದರ ಸಾರವನ್ನು ನೋಟ್‌ಪುಸ್ತಕದಲ್ಲಿ ಕನ್ನಡದ ಒಂದು ವಾಕ್ಯದಲ್ಲಿ ಬರೆದು, ಅದರ ಕೆಳಗೆ ಅದನ್ನೇ ಇಂಗ್ಲಿಷಿನಲ್ಲಿ ಬರೆಯಲು ಪ್ರಯತ್ನಿಸಬೇಕು. ಈ ಇಂಗ್ಲಿಷ್ ವಾಕ್ಯದಲ್ಲಿ ತಪ್ಪುಗಳಿರುತ್ತವೆ, ಇರಲಿ. ಮರುದಿನ ಶಿಕ್ಷಕರಿಗೆ ತೋರಿಸಿ ತಿದ್ದಿಸಿಕೊಂಡ ನಂತರ ಒಂದು ಪಾಠಕ್ಕೆ ಹದಿನೈದೋ ಇಪ್ಪತ್ತೋ ಸ್ವಂತ ವಾಕ್ಯಗಳು ಕೈಯಲ್ಲಿರುತ್ತವೆ, ಮತ್ತು ಆ ಪಾಠದ ಮೇಲೆ ಯಾವ ಪ್ರಶ್ನೆ ಬಂದರೂ ಉತ್ತರಕ್ಕೆ ಬೇಕಾದ ಸಾಮಗ್ರಿ ಬಹುಮಟ್ಟಿಗೆ ಆ ವಾಕ್ಯಗಳಲ್ಲಿಯೇ ಸಿಗುತ್ತದೆ.

ಹತ್ತನೆಯ ತರಗತಿಯ ದ್ವಿತೀಯ ಭಾಷಾ ಪುಸ್ತಕದಲ್ಲಿ ಹಲವು ವರ್ಷಗಳಿಂದ ಇರುವ ರಿಯೊ ಎನ್ ಮೆಡಿಯೊ ಊರಿನ ಮುದುಕ ಡಾನ್ ಆನ್ಸೆಲ್ಮೊನ ಕತೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಆತ ತನ್ನ ಮನೆಯನ್ನೂ ಜಮೀನನ್ನೂ 1200 ಡಾಲರಿಗೆ ಮಾರಲು ಒಪ್ಪುತ್ತಾನೆ. ಅಳತೆ ಮಾಡಿಸಿದಾಗ ಜಮೀನು ಅಂದುಕೊಂಡದ್ದಕ್ಕಿಂತ ಬಹಳ ಹೆಚ್ಚಿದೆ ಎಂದು ತಿಳಿದು, ಕೊಳ್ಳುವವರು ಸುಮಾರು ಎರಡರಷ್ಟು ಹಣ ಕೊಡಲು ಮುಂದಾದರೂ ಆತ ಹೆಚ್ಚುವರಿ ಹಣವನ್ನು ಮುಟ್ಟುವುದಿಲ್ಲ. ಮುಂದೆ ಊರಿನ ಮಕ್ಕಳು ತೋಟಕ್ಕೆ ನುಗ್ಗುತ್ತಾರೆಂದು ಹೊಸ ಮಾಲೀಕರು ದೂರಿದಾಗ, ತಾನು ಮಾರಿದ್ದು ನೆಲವನ್ನು ಮಾತ್ರ, ಮರಗಳು ಮಕ್ಕಳವು, ಊರಿನಲ್ಲಿ ಒಂದೊಂದು ಮಗು ಹುಟ್ಟಿದಾಗಲೂ ಆ ಮಗುವಿಗಾಗಿ ಒಂದೊಂದು ಮರ ನೆಟ್ಟಿದ್ದೇನೆ ಎನ್ನುತ್ತಾನೆ. ಕೊಟ್ಟ ಮಾತಿಗೆ ತಪ್ಪದವನ ಕತೆಯನ್ನು ಪುಣ್ಯಕೋಟಿಯ ಹಾಡಿನಿಂದಲೇ ಕೇಳಿಕೊಂಡು ಬಂದ ನಮ್ಮ ಮಕ್ಕಳಿಗೆ ಈ ಮುದುಕ ಅಪರಿಚಿತನಲ್ಲ. ಪಾಠವನ್ನು ಮನೆಯಲ್ಲಿ ಅಜ್ಜಿಗೋ ತಂಗಿಗೋ ಕನ್ನಡದಲ್ಲಿ ಕತೆಯಾಗಿ ಹೇಳಿದ ವಿದ್ಯಾರ್ಥಿ ಅದನ್ನು ಪರೀಕ್ಷೆಯವರೆಗೆ ಮರೆಯಲಾರ.

ಕತೆ ತಿಳಿದ ಮೇಲೆ ಉತ್ತರವನ್ನು ಕಟ್ಟುವುದು ಕಷ್ಟವಲ್ಲ. ‘ವೈ ಡಿಡ್ ಡಾನ್ ಆನ್ಸೆಲ್ಮೊ ರಿಫ್ಯೂಸ್ ದಿ ಎಕ್ಸ್‌ಟ್ರಾ ಮನಿ?’ ಎಂಬ ಪ್ರಶ್ನೆಯಲ್ಲಿಯೇ ಉತ್ತರದ ಅರ್ಧ ವಾಕ್ಯವಿದೆ. ‘ವೈ’ ಮತ್ತು ‘ಡಿಡ್’ ಇವುಗಳನ್ನು ತೆಗೆದು, ‘ರಿಫ್ಯೂಸ್’ ಎಂಬ ಕ್ರಿಯಾಪದವನ್ನು ಭೂತಕಾಲಕ್ಕೆ ತಂದು, ‘ಬಿಕಾಸ್’ ಸೇರಿಸಿದರೆ ‘ಡಾನ್ ಆನ್ಸೆಲ್ಮೊ ರಿಫ್ಯೂಸ್ಡ್ ದಿ ಎಕ್ಸ್‌ಟ್ರಾ ಮನಿ ಬಿಕಾಸ್’ ಎಂಬಲ್ಲಿಗೆ ಬಂದು ನಿಲ್ಲುತ್ತೇವೆ. ಅಲ್ಲಿಂದ ಮುಂದೆ ‘ಹೀ ಹ್ಯಾಡ್ ಆಲ್ರೆಡಿ ಅಗ್ರೀಡ್ ಟು ದಿ ಪ್ರೈಸ್’ ಎಂದರೆ ವಾಕ್ಯ ಪೂರ್ಣವಾಗುತ್ತದೆ. ಪ್ರಶ್ನೆಯನ್ನು ಹೀಗೆ ಉತ್ತರದ ಆರಂಭವಾಗಿ ತಿರುಗಿಸುವ ಅಭ್ಯಾಸವೊಂದನ್ನೇ ಜೂನ್‌ನಿಂದ ಬಿಡದೆ ಮಾಡಿದರೂ, ಖಾಲಿ ಹಾಳೆಯ ಮುಂದೆ ಪೆನ್ನು ನಿಲ್ಲುವ ಭಯ ಬಹಳ ಮಟ್ಟಿಗೆ ಹೋಗುತ್ತದೆ.

ಎಷ್ಟು ವಾಕ್ಯಗಳಲ್ಲಿ ಉತ್ತರಿಸಬೇಕು ಎಂಬುದನ್ನು ಪತ್ರಿಕೆಯಲ್ಲಿಯೇ ಸೂಚಿಸಿರುತ್ತಾರೆ, ಅದನ್ನು ಪಾಲಿಸಬೇಕು. ಎರಡು ಅಂಕದ ಪ್ರಶ್ನೆಗೆ ಒಂದು ಪುಟ ಬರೆದರೆ ಹೆಚ್ಚಿನ ಅಂಕ ಬರುವುದಿಲ್ಲ, ಕೊನೆಯ ಪತ್ರಕ್ಕೋ ಪ್ರಬಂಧಕ್ಕೋ ಬೇಕಾದ ಸಮಯ ಹೋಗುತ್ತದೆ. ‘ಡು ಯೂ ಥಿಂಕ್’ ಎಂದು ಆರಂಭವಾಗುವ ಪ್ರಶ್ನೆಗಳಲ್ಲಿ ವಿದ್ಯಾರ್ಥಿಯ ಅಭಿಪ್ರಾಯವನ್ನು ಕೇಳಿರುತ್ತಾರೆ. ಅಲ್ಲಿ ಹೌದು ಅಥವಾ ಇಲ್ಲ ಎಂದು ಸ್ಪಷ್ಟವಾಗಿ ಹೇಳಿ, ಪಾಠದಲ್ಲಿನ ಒಂದು ಘಟನೆಯನ್ನು ಆಧಾರವಾಗಿ ಕೊಟ್ಟರೆ ಉತ್ತರ ಗಟ್ಟಿಯಾಗುತ್ತದೆ. ಸಾಲುಗಳನ್ನು ಕೊಟ್ಟು, ಇದನ್ನು ಯಾರು ಹೇಳಿದರು, ಯಾರಿಗೆ, ಯಾವ ಸಂದರ್ಭದಲ್ಲಿ ಎಂದು ಕೇಳುವ ಪ್ರಶ್ನೆಗಳು ಕನ್ನಡ ಪತ್ರಿಕೆಯ ಸಂದರ್ಭ ಸಹಿತ ವಿವರಣೆಯಂತೆಯೇ ಇರುತ್ತವೆ. ಪ್ರತಿ ಪಾಠದಿಂದ ಮುಖ್ಯವೆನಿಸುವ ಐದಾರು ಮಾತುಗಳನ್ನು ಆರಿಸಿ, ಈ ಮೂರು ಪ್ರಶ್ನೆಗಳಿಗೆ ತಾನೇ ಉತ್ತರ ಬರೆದಿಟ್ಟುಕೊಂಡರೆ ಸಾಕು. ಪೂರಕ ಪಾಠಗಳಿಗೆ ಇಷ್ಟು ಆಳದ ಓದು ಬೇಕಾಗುವುದಿಲ್ಲ. ಕತೆಯ ಕ್ರಮ, ಮುಖ್ಯ ವ್ಯಕ್ತಿಗಳ ಹೆಸರು ಮತ್ತು ಅವುಗಳ ಸರಿಯಾದ ಕಾಗುಣಿತ ತಿಳಿದಿರಲಿ.

ಪದ್ಯ

ಪದ್ಯವನ್ನು ಹೆದರಿಕೆಯಿಂದ ನೋಡುವ ಅಗತ್ಯವಿಲ್ಲ, ಏಕೆಂದರೆ ಅದಕ್ಕೆ ಬೇಕಾದ ಅರ್ಧ ಸಿದ್ಧತೆ ಕನ್ನಡ ತರಗತಿಯಲ್ಲಿ ಆಗಿಯೇ ಇರುತ್ತದೆ. ಉಪಮೇಯ, ಉಪಮಾನ, ಉಪಮಾವಾಚಕ, ಸಮಾನಧರ್ಮ ಎಂದು ನಾಲ್ಕು ಅಂಗಗಳನ್ನು ಬಿಡಿಸಿ ಬರೆಯಬಲ್ಲ ವಿದ್ಯಾರ್ಥಿಗೆ ಸಿಮಿಲಿ, ಅಂದರೆ ಉಪಮಾಲಂಕಾರ, ಹೊಸ ವಿಷಯವೇ ಅಲ್ಲ. ಕನ್ನಡದಲ್ಲಿ ‘ಅಂತೆ’, ‘ಹಾಗೆ’ ಎಂಬ ವಾಚಕಗಳು ಮಾಡುವ ಕೆಲಸವನ್ನು ಇಂಗ್ಲಿಷಿನಲ್ಲಿ ‘ಲೈಕ್’, ‘ಆಸ್’ ಎಂಬ ಪದಗಳು ಮಾಡುತ್ತವೆ. ಷೇಕ್ಸ್‌ಪಿಯರನ ‘ದಿ ಮರ್ಚೆಂಟ್ ಆಫ್ ವೆನಿಸ್’ ನಾಟಕದಲ್ಲಿ ಪೋರ್ಷಿಯಾ ಶೈಲಾಕನಿಗೆ ಕರುಣೆಯ ಗುಣವನ್ನು ವಿವರಿಸುವ ಮಾತುಗಳಲ್ಲಿ, ಕರುಣೆ ಆಕಾಶದಿಂದ ಬೀಳುವ ಮೃದುವಾದ ಮಳೆಯ ಹಾಗೆ ಇಳಿಯುತ್ತದೆ ಎಂಬ ಸಾಲಿದೆ: ಅಲ್ಲಿ ಕರುಣೆ ಉಪಮೇಯ, ಮಳೆ ಉಪಮಾನ, ‘ಆಸ್’ ವಾಚಕ, ಮೇಲಿನಿಂದ ಸಹಜವಾಗಿ ಇಳಿದು ಬರುವುದು ಸಮಾನಧರ್ಮ. ವಾಚಕವಿಲ್ಲದೆ ಒಂದನ್ನು ಇನ್ನೊಂದೇ ಎಂದು ಹೇಳಿದರೆ ರೂಪಕ, ಅಂದರೆ ಮೆಟಫರ್. ಮನುಷ್ಯನಲ್ಲದ ವಸ್ತುವಿಗೆ ಮನುಷ್ಯನ ಮಾತು, ಭಾವನೆಗಳನ್ನು ಕೊಟ್ಟರೆ ಪರ್ಸಾನಿಫಿಕೇಶನ್. ಭೂಮಿಯೇ ‘ನಾನು’ ಎಂದು ಮಾತನಾಡುವ ‘ಐ ಆ್ಯಮ್ ದಿ ಲ್ಯಾಂಡ್’ ಅದಕ್ಕೆ ಒಳ್ಳೆಯ ನಿದರ್ಶನ. ಅಲಂಕಾರವನ್ನು ಹೆಸರಿಸಿ ಬಿಡದೆ, ಯಾವುದನ್ನು ಯಾವುದಕ್ಕೆ ಹೋಲಿಸಿದೆ ಎಂಬ ಒಂದು ವಾಕ್ಯವನ್ನೂ ಬರೆಯುವುದು ಒಳ್ಳೆಯದು.

ಪ್ರತಿ ಪದ್ಯಕ್ಕೂ ಮೊದಲು ಕೇಳಿಕೊಳ್ಳಬೇಕಾದದ್ದು ಮಾತನಾಡುತ್ತಿರುವವರು ಯಾರು, ಯಾರೊಂದಿಗೆ ಎಂಬುದು. ‘ದಿ ಸಾಂಗ್ ಆಫ್ ಇಂಡಿಯಾ’ ಪದ್ಯದಲ್ಲಿ ಕವಿ ಭಾರತಮಾತೆಯನ್ನು ಯಾವ ಹಾಡು ಹಾಡಲಿ ಎಂದು ಕೇಳುತ್ತಾನೆ. ಹಿಮಾಲಯ, ಸಮುದ್ರಗಳನ್ನು ಹಾಡಲೇ ಎಂಬ ಕವಿಗೆ ತಾಯಿ ತನ್ನ ಬೀದಿಗಳ ಭಿಕ್ಷುಕರನ್ನೂ ದುಡಿಯುವ ಕೋಟ್ಯಂತರ ಜನರನ್ನೂ ನೆನಪಿಸುತ್ತಾಳೆ. ಇದು ಸಂವಾದ ಎಂದು ತಿಳಿಯದೆ ಓದಿದರೆ ಯಾವ ಸಾಲು ಯಾರದೆಂದು ಗೊಂದಲವಾಗುತ್ತದೆ. ತಿಳಿದ ಮೇಲೆ ಪದ್ಯ ತಾನಾಗಿ ಎರಡು ಧ್ವನಿಗಳಾಗಿ ಬೇರ್ಪಡುತ್ತದೆ, ಇಬ್ಬರು ಗೆಳೆಯರು ಕವಿಯಾಗಿ, ತಾಯಿಯಾಗಿ ಅದನ್ನು ಗಟ್ಟಿಯಾಗಿ ಓದಬಹುದು. ಇದನ್ನು ಬರೆದ ವಿನಾಯಕ ಕೃಷ್ಣ ಗೋಕಾಕರು 1990ರ ಜ್ಞಾನಪೀಠ ಪಡೆದ ನಮ್ಮ ಕವಿ, ಇಂಗ್ಲಿಷ್ ಪ್ರಾಧ್ಯಾಪಕರು. 1980ರಲ್ಲಿ ರಾಜ್ಯ ಸರ್ಕಾರ ನೇಮಿಸಿದ ಭಾಷಾ ಸಮಿತಿಯ ಅಧ್ಯಕ್ಷರಾಗಿ, ಪ್ರೌಢಶಾಲೆಗಳಲ್ಲಿ ಕನ್ನಡವೇ ಏಕೈಕ ಪ್ರಥಮ ಭಾಷೆಯಾಗಬೇಕೆಂದು ಶಿಫಾರಸು ಮಾಡಿದವರು ಕೂಡ ಇವರೇ. ಇಂಗ್ಲಿಷಿನಲ್ಲಿ ಕವಿತೆ ಬರೆಯುವಷ್ಟು ಆ ಭಾಷೆಯನ್ನು ಬಲ್ಲವರು ಕನ್ನಡದ ಸ್ಥಾನಕ್ಕಾಗಿ ಹೀಗೆ ನಿಂತರೆಂಬುದನ್ನು ಮಕ್ಕಳಿಗೆ ಹೇಳಬೇಕು.

ಬಾಯಿಪಾಠಕ್ಕೆ ನಿಜವಾಗಿ ಜಾಗವಿರುವುದು ಕಂಠಪಾಠದ ಪದ್ಯಭಾಗದಲ್ಲಿ. ಅಲ್ಲಿ ಒಂದು ಪದವೂ ಬದಲಾಗಬಾರದು. ಸಾಲು ಎಲ್ಲಿ ಮುರಿಯುತ್ತದೆ, ಎಲ್ಲಿ ಅಲ್ಪವಿರಾಮವಿದೆ, ಯಾವ ಪದ ದೊಡ್ಡ ಅಕ್ಷರದಿಂದ ಆರಂಭವಾಗುತ್ತದೆ ಎಂಬುದನ್ನೂ ಸೇರಿಸಿ ನೆನಪಿಡಬೇಕಾದ್ದರಿಂದ ಬರಿಯ ಬಾಯಿಮಾತಿನ ಅಭ್ಯಾಸ ಸಾಲದು. ಗಟ್ಟಿಯಾಗಿ ಹೇಳುತ್ತ ಬರೆದು, ಪುಸ್ತಕದೊಂದಿಗೆ ಅಕ್ಷರಕ್ಕೆ ಅಕ್ಷರ ತಾಳೆ ನೋಡಬೇಕು. ಪೋರ್ಷಿಯಾಳ ಮಾತುಗಳಲ್ಲಿ ಬರುವ ‘ಡ್ರಾಪೆತ್’, ‘ಬ್ಲೆಸೆತ್’ ಮೊದಲಾದ ಹಳೆಯ ರೂಪಗಳಲ್ಲಿ ಕೊನೆಯ ‘ಎತ್’ ಎಂಬುದು ಇಂದಿನ ಇಂಗ್ಲಿಷಿನ ಎಸ್ ಪ್ರತ್ಯಯ ಇರುವ ಜಾಗದಲ್ಲಿ ಇದೆ ಎಂದು ತಿಳಿದರೆ ಅವು ಒಗಟಾಗಿ ಕಾಣುವುದಿಲ್ಲ. ಹಳಗನ್ನಡದ ಪದ್ಯಗಳನ್ನು ಕಂಠಸ್ಥ ಮಾಡಿದ ಮಕ್ಕಳಿಗೆ ಇದು ಭಾರವಾಗಬಾರದು.

ಕನ್ನಡಕ್ಕೂ ಇಂಗ್ಲಿಷಿಗೂ ದಾರಿ ಬೇರೆಯಾಗುವ ಕಡೆ

ವ್ಯಾಕರಣದಲ್ಲಿ ಕನ್ನಡದ ಮಕ್ಕಳು ಮಾಡುವ ತಪ್ಪುಗಳಲ್ಲಿ ಬಹುಪಾಲು ಆಕಸ್ಮಿಕವಲ್ಲ. ಕನ್ನಡದಲ್ಲಿ ಸರಿಯಾಗಿರುವ ಕ್ರಮವನ್ನು ಇಂಗ್ಲಿಷಿಗೆ ಹಾಗೆಯೇ ಒಯ್ದಾಗ ಅವು ಹುಟ್ಟುತ್ತವೆ. ಆದ್ದರಿಂದ ಇಡೀ ವ್ಯಾಕರಣ ಪುಸ್ತಕವನ್ನು ಮೊದಲಿನಿಂದ ಓದುವುದಕ್ಕಿಂತ, ಎರಡು ಭಾಷೆಗಳು ಬೇರೆಯಾಗುವ ಜಾಗಗಳನ್ನು ಗುರುತಿಸಿ ಅಲ್ಲಿ ಹೆಚ್ಚು ಶ್ರಮಿಸುವುದು ಫಲಕಾರಿ.

ಮೊದಲನೆಯದು ವಾಕ್ಯದ ರಚನೆ. ಕನ್ನಡದ ‘ಅವನು ಒಳ್ಳೆಯ ಹುಡುಗ’ ಎಂಬ ವಾಕ್ಯದಲ್ಲಿ ಕ್ರಿಯಾಪದವೇ ಇಲ್ಲ, ಆದರೂ ಅದು ಪೂರ್ಣ. ಇಂಗ್ಲಿಷಿನಲ್ಲಿ ಕ್ರಿಯಾಪದವಿಲ್ಲದೆ ವಾಕ್ಯ ನಿಲ್ಲುವುದಿಲ್ಲವಾದ್ದರಿಂದ ‘ಹೀ ಈಸ್ ಎ ಗುಡ್ ಬಾಯ್’ ಎಂದು ‘ಈಸ್’ ಸೇರಲೇಬೇಕು. ‘ನನಗೆ ಇಬ್ಬರು ತಮ್ಮಂದಿರು’ ಎಂಬುದಕ್ಕೆ ‘ಟು ಮಿ’ ಎಂದು ಆರಂಭಿಸಿದವರು ಮುಂದೆ ಹೋಗಲಾರರು. ಅದು ‘ಐ ಹ್ಯಾವ್ ಟು ಯಂಗರ್ ಬ್ರದರ್ಸ್’. ಬರೆದ ಪ್ರತಿ ವಾಕ್ಯದಲ್ಲಿಯೂ ಕ್ರಿಯಾಪದದ ಕೆಳಗೆ ಒಂದು ಗೆರೆ ಎಳೆಯುವ ಅಭ್ಯಾಸವಿದ್ದರೆ, ಗೆರೆ ಎಳೆಯಲು ಪದವೇ ಸಿಗದ ವಾಕ್ಯ ತಪ್ಪೆಂದು ತಾನಾಗಿ ಗೊತ್ತಾಗುತ್ತದೆ. ಕರ್ತೃ ಏಕವಚನದ ಪ್ರಥಮ ಪುರುಷವಾಗಿ, ಅಂದರೆ ಹೀ, ಶೀ, ಇಟ್ ಅಥವಾ ಒಬ್ಬರ ಹೆಸರಾಗಿ, ಕಾಲ ವರ್ತಮಾನವಾಗಿದ್ದರೆ ಕ್ರಿಯಾಪದಕ್ಕೆ ಎಸ್ ಬೇಕು ಎಂಬುದನ್ನು ಆ ಗೆರೆಯ ಬಳಿಯೇ ಪರೀಕ್ಷಿಸಬಹುದು.

ರಿಪೋರ್ಟೆಡ್ ಸ್ಪೀಚ್ ನಮ್ಮವರಿಗೆ ಏಕೆ ಕಠಿಣ ಎಂಬುದಕ್ಕೂ ಕಾರಣ ಕನ್ನಡದಲ್ಲಿದೆ. ರಾಜು ‘ನಾನು ನಾಳೆ ಬರುತ್ತೇನೆ’ ಎಂದನು ಎನ್ನುವಾಗ ನಾವು ಅವನ ಮಾತನ್ನು ಇದ್ದ ಹಾಗೆಯೇ ಇಟ್ಟು ‘ಎಂದು’ ಸೇರಿಸಿ ಮುಗಿಸುತ್ತೇವೆ. ಇಂಗ್ಲಿಷಿನಲ್ಲಿ ಉದ್ಧರಣ ಚಿಹ್ನೆ ತೆಗೆದ ಕೂಡಲೇ ಒಳಗಿನದೆಲ್ಲವೂ ಹೇಳುವವನ ಕಡೆಯಿಂದ ವರದಿ ಮಾಡುವವನ ಕಡೆಗೆ ತಿರುಗುತ್ತದೆ: ‘ಐ’ ಇದ್ದದ್ದು ‘ಹೀ’ ಆಗುತ್ತದೆ, ‘ವಿಲ್’ ಇದ್ದದ್ದು ‘ವುಡ್’ ಆಗುತ್ತದೆ, ‘ಟುಮಾರೊ’ ಇದ್ದದ್ದು ‘ದಿ ನೆಕ್ಸ್ಟ್ ಡೇ’ ಆಗುತ್ತದೆ. ಪ್ರಶ್ನಾವಾಕ್ಯವಾದರೆ ಇನ್ನೊಂದು ಬದಲಾವಣೆಯೂ ಇದೆ. ‘ವೇರ್ ಆರ್ ಯೂ ಗೋಯಿಂಗ್?’ ಎಂಬುದರಲ್ಲಿ ಕ್ರಿಯಾಪದ ಮೊದಲು, ಕರ್ತೃ ನಂತರ. ವರದಿ ಮಾಡುವಾಗ ಅದು ‘ವೇರ್ ಹೀ ವಾಸ್ ಗೋಯಿಂಗ್’ ಎಂದು ಹೇಳಿಕೆಯ ಕ್ರಮಕ್ಕೆ ಮರಳುತ್ತದೆ, ಪ್ರಶ್ನಾರ್ಥಕ ಚಿಹ್ನೆಯೂ ಹೋಗುತ್ತದೆ. ಹೌದು ಅಥವಾ ಇಲ್ಲ ಎಂಬ ಉತ್ತರ ಬಯಸುವ ಪ್ರಶ್ನೆಗೆ ‘ಇಫ್’ ಅಥವಾ ‘ವೆದರ್’ ಸೇರುತ್ತದೆ. ಯಾರು ಮಾತನಾಡುತ್ತಿದ್ದಾರೆ, ಯಾವ ಕಾಲ, ಯಾವ ದಿನ ಅಥವಾ ಸ್ಥಳ, ಪದಗಳ ಕ್ರಮ ಹೇಗೆ ಎಂಬ ನಾಲ್ಕನ್ನು ಇದೇ ಅನುಕ್ರಮದಲ್ಲಿ ನೋಡುತ್ತ ದಿನಕ್ಕೆ ಎರಡು ವಾಕ್ಯಗಳನ್ನು ಬದಲಾಯಿಸಿದರೂ ಮೂರು ತಿಂಗಳಲ್ಲಿ ಈ ಪ್ರಶ್ನೆಯ ಅಂಕ ಖಚಿತವಾಗುತ್ತದೆ.

ಕ್ವೆಶ್ಚನ್ ಟ್ಯಾಗ್ ಕೂಡ ಇಂಥದೇ. ಕನ್ನಡಕ್ಕೆ ಎಲ್ಲ ವಾಕ್ಯಗಳಿಗೂ ಒಂದೇ ‘ಅಲ್ಲವೇ’ ಸಾಕು. ಇಂಗ್ಲಿಷಿನ ಟ್ಯಾಗ್ ಮಾತ್ರ ತನಗಿಂತ ಹಿಂದೆ ಬಂದ ವಾಕ್ಯದ ಕ್ರಿಯಾಪದವನ್ನೂ ಕರ್ತೃವನ್ನೂ ಅನುಸರಿಸಿ ಬದಲಾಗುತ್ತದೆ ಮತ್ತು ವಾಕ್ಯ ನಿಶ್ಚಯಾರ್ಥಕವಾಗಿದ್ದರೆ ನಿಷೇಧಾರ್ಥಕವಾಗಿ, ನಿಷೇಧಾರ್ಥಕವಾಗಿದ್ದರೆ ನಿಶ್ಚಯಾರ್ಥಕವಾಗಿ ತಿರುಗುತ್ತದೆ: ‘ಶೀ ಸಿಂಗ್ಸ್ ವೆಲ್, ಡಸೆಂಟ್ ಶೀ?’, ‘ದೇ ಡಿಡೆಂಟ್ ಕಮ್, ಡಿಡ್ ದೇ?’. ‘ನೆವರ್’, ‘ಹಾರ್ಡ್ಲಿ’ ಎಂಬ ಪದಗಳಿರುವ ವಾಕ್ಯಗಳು ನೋಡಲು ನಿಶ್ಚಯಾರ್ಥಕದಂತಿದ್ದರೂ ಅರ್ಥದಲ್ಲಿ ನಿಷೇಧವಾದ್ದರಿಂದ ಅವುಗಳ ಟ್ಯಾಗ್‌ನಲ್ಲಿ ‘ನಾಟ್’ ಬರುವುದಿಲ್ಲ. ಬಹುಆಯ್ಕೆಯ ಪ್ರಶ್ನೆಗಳಲ್ಲಿ ಮಕ್ಕಳು ಎಡವುವುದು ಇಲ್ಲಿಯೇ.

ಆರ್ಟಿಕಲ್‌ಗಳಲ್ಲಿ ನಮ್ಮ ಲಿಪಿಯೇ ಸಹಾಯಕ್ಕೆ ಬರುತ್ತದೆ. ‘ಎ’ ಬಳಸಬೇಕೋ ‘ಆ್ಯನ್’ ಬಳಸಬೇಕೋ ಎಂಬುದನ್ನು ನಿರ್ಧರಿಸುವುದು ಮುಂದಿನ ಪದದ ಉಚ್ಚಾರಣೆ, ಅದರ ಮೊದಲ ಇಂಗ್ಲಿಷ್ ಅಕ್ಷರಕ್ಕೆ ಇಲ್ಲಿ ಪಾತ್ರವಿಲ್ಲ. ಮುಂದಿನ ಪದವನ್ನು ಮನಸ್ಸಿನಲ್ಲಿಯೇ ಕನ್ನಡ ಲಿಪಿಯಲ್ಲಿ ಬರೆದು ನೋಡಿ. ‘ಯೂನಿವರ್ಸಿಟಿ’ ಎಂಬುದು ಯಕಾರದಿಂದ, ಅಂದರೆ ವ್ಯಂಜನದಿಂದ ಆರಂಭವಾಗುವುದರಿಂದ ‘ಎ ಯೂನಿವರ್ಸಿಟಿ’, ಗಂಟೆ ಎಂಬ ಅರ್ಥದ ‘ಅವರ್’ ಸ್ವರದಿಂದ ಆರಂಭವಾಗುವುದರಿಂದ ‘ಆ್ಯನ್ ಅವರ್’, ‘ಎಂಎಲ್‌ಎ’ಗೂ ‘ಆ್ಯನ್’. ಎರಡು ಕಡೆ ಮಾತ್ರ ಎಚ್ಚರ ಬೇಕು. ಒಂದು ಎಂಬ ಅರ್ಥದ ಪದವನ್ನು ನಾವು ‘ಒನ್’ ಎಂದು ಬರೆದರೂ ಅದರ ಉಚ್ಚಾರಣೆ ‘ವನ್’, ಆದ್ದರಿಂದ ಅದಕ್ಕೆ ‘ಎ’. ಮೊಟ್ಟೆಯ ಇಂಗ್ಲಿಷ್ ಪದವನ್ನು ನಾವು ಮಾತಿನಲ್ಲಿ ‘ಯೆಗ್ಗ್’ ಎನ್ನುತ್ತೇವಾದರೂ ಅದು ‘ಎಗ್’, ಆದ್ದರಿಂದ ‘ಆ್ಯನ್’. ಹಿಂದೆ ಒಮ್ಮೆ ಹೇಳಿದ ವಸ್ತು ಮತ್ತೆ ಬಂದಾಗ ‘ದಿ’ ಬಳಸುವ ನಿಯಮವನ್ನು ಪಾಠದ ಯಾವುದಾದರೂ ಪುಟದಲ್ಲಿ ಗುರುತು ಹಾಕುತ್ತ ಓದಿದರೆ ಬೇಗ ಮನಸ್ಸಿಗೆ ಹತ್ತುತ್ತದೆ.

ಪ್ಯಾಸಿವ್ ವಾಯ್ಸ್ ಕನ್ನಡದ ಆಡುಮಾತಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಸೇತುವೆ ‘ಕಟ್ಟಲ್ಪಟ್ಟಿತು’ ಎಂದು ಯಾರೂ ಮಾತಾಡುವುದಿಲ್ಲ, ‘ಕಟ್ಟಿದರು’ ಎನ್ನುತ್ತೇವೆ. ಆದ್ದರಿಂದ ಇದನ್ನು ಅಂದಾಜಿನಿಂದ ಮಾಡದೆ ಲೆಕ್ಕದಂತೆ ಮಾಡಬೇಕು: ಕರ್ಮವನ್ನು ಮುಂದಕ್ಕೆ ತಂದು, ಮೂಲ ವಾಕ್ಯದ ಕಾಲಕ್ಕೆ ತಕ್ಕ ‘ಈಸ್’, ‘ವಾಸ್’ ಮೊದಲಾದ ರೂಪ ಇಟ್ಟು, ಕ್ರಿಯಾಪದದ ಮೂರನೆಯ ರೂಪ ಸೇರಿಸಬೇಕು. ಈ ಮೂರನೆಯ ರೂಪಗಳಿಗಾಗಿಯೇ ಕ್ರಿಯಾಪದಗಳ ಪಟ್ಟಿಯನ್ನು ದಿನಕ್ಕೆ ಐದರಂತೆ ಕಲಿಯುವುದು ಅನಿವಾರ್ಯ. ‘ಇಫ್’ ವಾಕ್ಯಗಳಲ್ಲಿ ಕನ್ನಡ ನೇರವಾಗಿ ನೆರವಾಗುತ್ತದೆ. ‘ಮಳೆ ಬಂದರೆ ಬೆಳೆ ಬರುತ್ತದೆ’ ಎಂಬುದಕ್ಕೂ ‘ಮಳೆ ಬಂದಿದ್ದರೆ ಬೆಳೆ ಬರುತ್ತಿತ್ತು’ ಎಂಬುದಕ್ಕೂ ಇರುವ ವ್ಯತ್ಯಾಸ ರೈತನ ಮನೆಯ ಮಗುವಿಗೆ ಯಾರೂ ವಿವರಿಸಬೇಕಾಗಿಲ್ಲ. ಮೊದಲನೆಯದು ‘ಇಫ್ ಇಟ್ ರೇನ್ಸ್, ದಿ ಕ್ರಾಪ್ ವಿಲ್ ಗ್ರೋ’. ಎರಡನೆಯದು ‘ಇಫ್ ಇಟ್ ಹ್ಯಾಡ್ ರೇನ್ಡ್, ದಿ ಕ್ರಾಪ್ ವುಡ್ ಹ್ಯಾವ್ ಗ್ರೋನ್’. ಮಳೆ ಬರಲಿಲ್ಲ, ಬೆಳೆಯೂ ಬರಲಿಲ್ಲ ಎಂಬ ಅರ್ಥ ಮನಸ್ಸಿನಲ್ಲಿದ್ದರೆ ‘ಹ್ಯಾಡ್’ ಮತ್ತು ‘ವುಡ್ ಹ್ಯಾವ್’ ಜೋಡಿ ತಪ್ಪುವುದಿಲ್ಲ.

ಸ್ವಂತ ಬರವಣಿಗೆ

ಪತ್ರ ಎರಡು ಬಗೆಯದು. ಅಧಿಕೃತ ಪತ್ರದಲ್ಲಿ ಬರೆಯುವವರ ವಿಳಾಸ, ದಿನಾಂಕ, ಯಾರಿಗೆ ಎಂಬ ವಿಳಾಸ, ಸಂಬೋಧನೆ, ವಿಷಯ, ಒಡಲು, ವಂದನೆ, ‘ಯುವರ್ಸ್ ಫೇಯ್ತ್‌ಫುಲಿ’ ಮತ್ತು ಸಹಿ ಇರಬೇಕು. ಇವುಗಳನ್ನು ಯಾವ ಅನುಕ್ರಮದಲ್ಲಿ ಶಾಲೆಯಲ್ಲಿ ಕಲಿಸಿದ್ದಾರೋ ಅದನ್ನೇ ಕೊನೆಯವರೆಗೂ ಪಾಲಿಸುವುದು ಒಳ್ಳೆಯದು. ತಂದೆಗೋ ಗೆಳತಿಗೋ ಬರೆಯುವ ಪತ್ರದಲ್ಲಿ ವಿಷಯದ ಸಾಲು ಬರುವುದಿಲ್ಲ, ಮುಕ್ತಾಯವೂ ಆತ್ಮೀಯವಾಗಿರುತ್ತದೆ. ಪತ್ರ ಬರೆಯುವವರ ಹೆಸರು, ಊರುಗಳನ್ನು ಪ್ರಶ್ನೆಯಲ್ಲಿಯೇ ಕೊಟ್ಟಿದ್ದರೆ ಅವುಗಳನ್ನೇ ಬಳಸಬೇಕು. ಉತ್ತರಪತ್ರಿಕೆಯಲ್ಲಿ ಸ್ವಂತ ಹೆಸರು, ಶಾಲೆಯ ಹೆಸರು ಬರೆಯಬಾರದು. ಚೌಕಟ್ಟನ್ನು ಒಮ್ಮೆ ಗಟ್ಟಿಮಾಡಿಕೊಂಡರೆ ಉಳಿಯುವುದು ಒಡಲಿನ ಏಳೆಂಟು ವಾಕ್ಯಗಳು. ಊರಿನ ಬೀದಿದೀಪ ಕೆಟ್ಟಿರುವುದು, ಶಾಲೆಗೆ ಬರುವ ಬಸ್ಸು ಹೊತ್ತಿಗೆ ಬಾರದಿರುವುದು, ಗ್ರಂಥಾಲಯಕ್ಕೆ ಪುಸ್ತಕ ಬೇಕಾಗಿರುವುದು ಇಂಥ ನಿಜವಾದ ವಿಷಯಗಳ ಮೇಲೆ ವಾರಕ್ಕೊಂದು ಪತ್ರ ಬರೆಯಲಿ. ಸಮಸ್ಯೆ ಏನು, ಎಂದಿನಿಂದ, ಯಾರಿಗೆ ಏನು ತೊಂದರೆ, ಏನು ಮಾಡಬೇಕೆಂದು ಕೋರಿಕೆ ಎಂಬ ಕ್ರಮ ಕೈಗೆ ಹತ್ತಿದ ಮೇಲೆ ಯಾವ ವಿಷಯ ಕೊಟ್ಟರೂ ಪತ್ರ ನಿಲ್ಲುತ್ತದೆ. ನಿಜವಾದ ಸಮಸ್ಯೆಯಾಗಿದ್ದರೆ ಅದನ್ನು ಶಿಕ್ಷಕರ ನೆರವಿನಿಂದ ಪಂಚಾಯಿತಿಗೆ ಕಳುಹಿಸಲೂಬಹುದು. ಉತ್ತರ ಬರುವ ಪತ್ರವನ್ನು ಮಕ್ಕಳು ಹೆಚ್ಚು ಶ್ರದ್ಧೆಯಿಂದ ಬರೆಯುತ್ತಾರೆ.

ವ್ಯಕ್ತಿಪರಿಚಯದಲ್ಲಿ ಕೊಟ್ಟ ವಿವರಗಳನ್ನು ಪೂರ್ಣ ವಾಕ್ಯಗಳಾಗಿಸಿದರೆ ಸಾಕು, ಹೊರಗಿನ ವಿವರ ಬೇಡ. ಕತೆಯನ್ನು ಮೊದಲಿನಿಂದ ಕೊನೆಯವರೆಗೂ ಭೂತಕಾಲದಲ್ಲಿಯೇ ಬರೆಯಬೇಕು. ಚಿತ್ರವರ್ಣನೆಯಲ್ಲಿ ಈಗ ನಡೆಯುತ್ತಿರುವುದನ್ನು ಹೇಳುವುದರಿಂದ ‘ಈಸ್’ ಅಥವಾ ‘ಆರ್’ ಜೊತೆಗೆ ‘ಇಂಗ್’ ರೂಪವೇ ಸಹಜ. ಅಪರಿಚಿತ ಗದ್ಯಭಾಗಕ್ಕೆ ಮೊದಲು ಪ್ರಶ್ನೆಗಳನ್ನು ಓದಿ, ನಂತರ ಗದ್ಯವನ್ನು ಓದಿದರೆ ಯಾವುದನ್ನು ಹುಡುಕಬೇಕೆಂದು ಗೊತ್ತಿರುತ್ತದೆ. ಪ್ರಬಂಧಕ್ಕೆ ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಂಬ ಕನ್ನಡ ಪ್ರಬಂಧದ ಕ್ರಮವೇ ಸಾಕು. ಇಲ್ಲೆಲ್ಲ ಎಂಟು ಹತ್ತು ಪದಗಳ ಚಿಕ್ಕ ವಾಕ್ಯಗಳೇ ಲೇಸು. ಉದ್ದ ವಾಕ್ಯ ಬರೆಯುವ ಆಸೆಯಿಂದ ‘ಆ್ಯಂಡ್’ ಸೇರಿಸುತ್ತ ಹೋದವರು ಕಾಲವನ್ನೂ ವಚನವನ್ನೂ ನಡುವಿನಲ್ಲಿ ಕಳೆದುಕೊಳ್ಳುತ್ತಾರೆ.

ಕಾಗುಣಿತದ ಮಾತನ್ನೂ ಹೇಳಬೇಕು. ಹೇಳಿದಂತೆ ಬರೆಯುವ ಭಾಷೆಯಲ್ಲಿ ಬೆಳೆದವರಿಗೆ, ಹೇಳದ ಅಕ್ಷರಗಳನ್ನೂ ಬರೆಯಬೇಕಾದ ಇಂಗ್ಲಿಷ್ ತ್ರಾಸ ಕೊಡುವುದು ಸಹಜ. ಒಂದು ಪದವನ್ನು ನೋಡಿ, ಗಟ್ಟಿಯಾಗಿ ಹೇಳಿ, ಪುಸ್ತಕ ಮುಚ್ಚಿ ಬರೆದು, ತೆರೆದು ತಾಳೆ ನೋಡುವ ಕ್ರಮವನ್ನು ಪ್ರತಿದಿನ ಹತ್ತು ಪದಗಳಿಗೆ ಮಾಡಬೇಕು. ಪಾಠಗಳಲ್ಲಿನ ವ್ಯಕ್ತಿಗಳ ಮತ್ತು ಸ್ಥಳಗಳ ಹೆಸರುಗಳಿಗೆ ಮೊದಲ ಆದ್ಯತೆ ಇರಲಿ.

ವರ್ಷದ ಓದು ಮತ್ತು ಪರೀಕ್ಷೆಯ ದಿನ

ಜೂನ್‌ನಿಂದ ಡಿಸೆಂಬರ್‌ವರೆಗೆ ದಿನಕ್ಕೆ ನಲವತ್ತು ನಿಮಿಷ ಇಂಗ್ಲಿಷಿಗೆ ಸಾಕು. ಅದರಲ್ಲಿ ಅರ್ಧ ಪಾಠದ ಓದಿಗೆ, ಅರ್ಧ ಬರವಣಿಗೆಗೆ ಇರಲಿ. ಬರೆಯದೆ ಕಳೆದ ದಿನವನ್ನು ಇಂಗ್ಲಿಷ್ ಓದಿದ ದಿನವೆಂದು ಲೆಕ್ಕಕ್ಕೆ ಹಿಡಿಯಬಾರದು. ಜನವರಿಯಿಂದ ವಾರಕ್ಕೊಂದು ಹಳೆಯ ಅಥವಾ ಮಾದರಿ ಪತ್ರಿಕೆಯನ್ನು ಗಡಿಯಾರ ಎದುರಿಗಿಟ್ಟುಕೊಂಡು ಪೂರ್ತಿಯಾಗಿ ಬರೆದು, ತಪ್ಪುಗಳನ್ನು ಒಂದು ಪುಸ್ತಕದಲ್ಲಿ ವಿಂಗಡಿಸಿ ಇಡಬೇಕು. ಎರಡು ಮೂರು ಪತ್ರಿಕೆಗಳಾಗುವಷ್ಟರಲ್ಲಿ ತನ್ನ ತಪ್ಪುಗಳು ಯಾವ ನಾಲ್ಕೈದು ಜಾಗಗಳಲ್ಲಿ ಮರುಕಳಿಸುತ್ತವೆ ಎಂಬುದು ಕಾಣುತ್ತದೆ, ಪೂರ್ವಸಿದ್ಧತಾ ಪರೀಕ್ಷೆಯವರೆಗಿನ ಓದನ್ನು ಅವುಗಳ ಮೇಲೆ ಕೇಂದ್ರೀಕರಿಸಬಹುದು. ಇಂಗ್ಲಿಷಿನಲ್ಲಿ ತೀರಾ ಹಿಂದಿರುವ ವಿದ್ಯಾರ್ಥಿ ಎಲ್ಲವನ್ನೂ ಒಟ್ಟಿಗೆ ಹಿಡಿಯಲು ಹೋಗದೆ, ಪತ್ರದ ಚೌಕಟ್ಟು, ಕಂಠಪಾಠದ ಪದ್ಯ, ವ್ಯಕ್ತಿಪರಿಚಯ, ಅಪರಿಚಿತ ಗದ್ಯಭಾಗ ಮತ್ತು ನಾಲ್ಕು ಪಾಠಗಳ ಕತೆ ಇಷ್ಟನ್ನು ಮೊದಲು ಭದ್ರಪಡಿಸಿಕೊಳ್ಳಲಿ. ಮನೆಯವರಿಗೆ ಇಂಗ್ಲಿಷ್ ಬಾರದಿದ್ದರೂ ಅವರು ಮಾಡಬಹುದಾದ ಸಹಾಯ ದೊಡ್ಡದು: ಪಾಠದ ಕತೆಯನ್ನು ಕನ್ನಡದಲ್ಲಿ ಹೇಳು ಎಂದು ಕೇಳಿ, ಪೂರ್ತಿ ಕೇಳಿಸಿಕೊಳ್ಳುವುದು.

ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆ ಓದಲು ಕೊಡುವ ಮೊದಲ ಹದಿನೈದು ನಿಮಿಷಗಳಲ್ಲಿ, ಆಯ್ಕೆ ಇರುವ ಪ್ರಶ್ನೆಗಳಲ್ಲಿ ಯಾವುದನ್ನು ಬರೆಯುವುದೆಂದು ನಿರ್ಧರಿಸಬೇಕು. ಪ್ರಶ್ನೆಯ ಸಂಖ್ಯೆಯನ್ನು ಪತ್ರಿಕೆಯಲ್ಲಿ ಇರುವಂತೆಯೇ ಹಾಕಬೇಕು. ಬಹುಆಯ್ಕೆಯ ಉತ್ತರಗಳಲ್ಲಿ ಕ್ರಮಾಕ್ಷರದ ಜೊತೆಗೆ ಪೂರ್ಣ ಉತ್ತರವನ್ನೂ ಬರೆಯಬೇಕು. ಕೊನೆಯ ಹತ್ತು ನಿಮಿಷಗಳನ್ನು ಕ್ರಿಯಾಪದ, ಎಸ್, ದೊಡ್ಡ ಅಕ್ಷರ, ಪೂರ್ಣವಿರಾಮ ಇವುಗಳನ್ನು ನೋಡಲು ಉಳಿಸಿಕೊಳ್ಳಬೇಕು.

2023-24ನೇ ಸಾಲಿನಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶವಿದ್ದು, ಅವುಗಳಲ್ಲಿ ಉತ್ತಮವಾದ ಅಂಕವೇ ಉಳಿಯುತ್ತದೆ. ಮೊದಲ ಪರೀಕ್ಷೆಯ ಫಲಿತಾಂಶ ನಿರೀಕ್ಷೆಯಂತೆ ಬಾರದಿದ್ದರೆ ಉತ್ತರಪತ್ರಿಕೆಯ ನಕಲು ಪ್ರತಿಗೆ ನಿಗದಿತ ದಿನದೊಳಗೆ ಅರ್ಜಿ ಹಾಕಿ, ಅದನ್ನು ಶಿಕ್ಷಕರೊಂದಿಗೆ ಕುಳಿತು ಓದಿ, ಅಂಕ ಹೋದ ಜಾಗಗಳನ್ನು ತಪ್ಪುಗಳ ಪುಸ್ತಕಕ್ಕೆ ಸೇರಿಸಿ, ಮೌಲ್ಯಮಾಪನದಲ್ಲಿ ಲೋಪ ಕಂಡರೆ ಮರುಮೌಲ್ಯಮಾಪನಕ್ಕೆ, ತನ್ನದೇ ತಪ್ಪುಗಳಿದ್ದರೆ ಎರಡನೆಯ ಪರೀಕ್ಷೆಗೆ ಹೆಸರು ನೋಂದಾಯಿಸಬೇಕು.